ಪಕ್ಕದಲ್ಲೊಂದು ಹೊಸ ಬಡಾವಣೆ

ಬೆಂಗಳೂರಿನ ಜನಸಂಖ್ಯೆ ಇಳಿದ ದಶಕವೂ ಒಂದುಂಟು. 1891ರ ಜನಗಣತಿಯಲ್ಲಿ ಪೇಟೆ ಮತ್ತು ಬ್ರಿಟಿಷರ ದಂಡು ಎರಡೂ ಸೇರಿ 1.80 ಲಕ್ಷ ಜನರಿದ್ದರು. 1901ರಲ್ಲಿ ಎಣಿಸಿದಾಗ ಸಿಕ್ಕವರು 1.59 ಲಕ್ಷ. ಈ ನಡುವೆ, 1898ರ ಆಗಸ್ಟ್‌ನಲ್ಲಿ, ಹುಬ್ಬಳ್ಳಿ ಕಡೆಯಿಂದ ರೈಲು ಹತ್ತಿ ಬಂದ ಪ್ಲೇಗು ಊರಿನಲ್ಲಿ ಇಳಿದುಕೊಂಡಿತ್ತು. ಸಾವಿರಾರು ಜನ ಸತ್ತರು, ಇನ್ನೆಷ್ಟೋ ಮಂದಿ ಗಂಟುಮೂಟೆ ಕಟ್ಟಿಕೊಂಡು ಊರು ಬಿಟ್ಟರು. ವ್ಯಾಪಾರ ನಿಂತಿತು.

ರೋಗ ಪೇಟೆಯನ್ನು ಬಲವಾಗಿ ಕಾಡಿತು. ಕೆಂಪೇಗೌಡರು 1537ರ ಸುಮಾರಿಗೆ ಕಟ್ಟಿಸಿದರೆನ್ನುವ ಆ ಊರಿನಲ್ಲಿ ಕಸುಬಿಗೊಂದು ಬೀದಿ: ಹತ್ತಿಗೆ ಅರಳೇಪೇಟೆ, ಬಳೆಗೆ ಬಳೇಪೇಟೆ, ದವಸಕ್ಕೆ ತರಗುಪೇಟೆ. ಮುಂದೆ ಅಂಗಡಿ, ಹಿಂದೆಯೋ ಮೇಲೆಯೋ ಮನೆ, ಗೋಡೆಗೆ ಗೋಡೆ ಅಂಟಿದ ನೆರೆಮನೆ. ವ್ಯಾಪಾರಿಗೆ ಈ ಒತ್ತು ಅನುಕೂಲವೇ ಆಗಿತ್ತು. ಕೊಳ್ಳುವವನೂ ಮಾರುವವನೂ ಮಗ್ಗದವನೂ ಬಣ್ಣ ಹಾಕುವವನೂ ಕೂಗಳತೆಯಲ್ಲಿ ಸಿಗುತ್ತಿದ್ದರು. ಆದರೆ ಆ ಗಲ್ಲಿಗಳಲ್ಲಿ ಗಾಳಿ ಬೆಳಕಿಗೆ ದಾರಿಯಿರಲಿಲ್ಲ, ಚರಂಡಿ ಸರಿಯಿರಲಿಲ್ಲ, ದವಸದ ಮಂಡಿಗಳಲ್ಲಿ ಇಲಿಗಳಿಗೆ ಬರವಿರಲಿಲ್ಲ.

ಮೈಸೂರು ಸರ್ಕಾರ ಜನರನ್ನು ಊರಾಚೆಯ ಶಿಬಿರಗಳಿಗೆ ಸಾಗಿಸಿತು. ಪ್ಲೇಗು ಕಾರ್ಯಾಚರಣೆಗೆಂದೇ ದೂರವಾಣಿ ತಂತಿ ಎಳೆಯಿತು. 1892ರಿಂದ ನಕ್ಷೆಯಲ್ಲಿದ್ದ ಎರಡು ಹೊಸ ಬಡಾವಣೆಗಳ ಕೆಲಸಕ್ಕೂ ವೇಗ ಕೊಟ್ಟಿತು. ಉತ್ತರಕ್ಕೆ ಮಲ್ಲೇಶ್ವರ, ದಕ್ಷಿಣಕ್ಕೆ ಬಸವನಗುಡಿ. ದಾರ ಹಿಡಿದು ಗೆರೆ ಎಳೆದಂಥ ನೇರ ರಸ್ತೆಗಳು, ಮನೆಗಳ ಬೆನ್ನಿಗೆ ಜಾಡಮಾಲಿಗಳು ಓಡಾಡಲು ಬಿಟ್ಟ ಕನ್ಸರ್ವೆನ್ಸಿ ಗಲ್ಲಿ, ಸುತ್ತ ಜಾಗ ಬಿಟ್ಟು ಕಟ್ಟಬೇಕಾದ ಮನೆ. ಸೈಟುಗಳನ್ನು ಹಂಚಿದ್ದು ಜಾತಿ, ಸಮುದಾಯಗಳ ಲೆಕ್ಕದಲ್ಲಿ. ಪೇಟೆಯ ಹಳೆಯ ಪದ್ಧತಿ ಅಷ್ಟರ ಮಟ್ಟಿಗೆ ಹೊಸ ಊರಿಗೂ ಜೊತೆಯಲ್ಲೇ ಬಂತು. ಬ್ರಿಟಿಷರ ಆಡಳಿತದಲ್ಲಿದ್ದ ದಂಡಿನ ಪ್ರದೇಶದಲ್ಲಿ 1910ರಲ್ಲಿ ಫ್ರೇಜರ್ ಟೌನ್ ಎದ್ದಿತು. ಅಲ್ಲಿನ ಮನೆಗಳನ್ನು ಇಲಿ ನುಗ್ಗದಂತೆ ಕಟ್ಟಬೇಕೆಂಬುದೇ ಕಟ್ಟಳೆ.

ಅನುಕೂಲವಿದ್ದವರು ಹೊಸ ಮನೆಗೆ ಹೋದರು. ಹಿಂದೆ ಉಳಿದ ಪೇಟೆಯಲ್ಲಿ ಗಲ್ಲಿಗಳ ಅಗಲ ಹೆಚ್ಚು ಬದಲಾಗಲಿಲ್ಲ, ಚರಂಡಿಯ ಗೋಳೂ ತೀರಲಿಲ್ಲ. ಹಳೆಯದು ಸಾಲದಾದಾಗ ಪಕ್ಕದಲ್ಲೊಂದು ಹೊಸದನ್ನು ಹಾಕುವ ರೂಢಿ ಬೆಂಗಳೂರಿಗೆ ಬಿದ್ದದ್ದು ಆಗಲೇ. ಮುಂದಿನ ನೂರಿಪ್ಪತ್ತೈದು ವರ್ಷಗಳಲ್ಲಿ ಊರು ಮನೆಗಳ ವಿಷಯದಲ್ಲಷ್ಟೇ ಅಲ್ಲ, ನೀರಿನಲ್ಲೂ ಉದ್ಯೋಗದಲ್ಲೂ ಆಡಳಿತದಲ್ಲೂ ಇದೇ ದಾರಿ ತುಳಿಯಿತು. ಹೊಸ ನದಿ, ಹೊಸ ಕಾರ್ಖಾನೆ ಪಟ್ಟಿ, ಹೊಸ ಮಂಡಳಿ. ಇದ್ದ ಊರನ್ನೇ, ಇದ್ದ ಲೆಕ್ಕವನ್ನೇ ತಿದ್ದಲು ಕೈಹಾಕಿದ ಸಂದರ್ಭಗಳು ಬೆರಳೆಣಿಕೆಯವು. ಬೆಂಗಳೂರು ಈವರೆಗೆ ಸ್ಪರ್ಧೆಯಲ್ಲಿ ಉಳಿದದ್ದು ಮೊದಲ ದಾರಿಯಿಂದ. ಮುಂದೆ ಬಾಳಿಕೆ ಬರಬೇಕಾದರೆ ಬೇಕಾಗಿರುವುದು ಎರಡನೆಯದು ಎಂಬುದಕ್ಕೆ ಈ ಊರಿನ ಚರಿತ್ರೆಯಲ್ಲೇ ಸಾಕಷ್ಟು ಪುರಾವೆ ಇದೆ.

ನೀರಿನ ಕತೆ ತೆಗೆದುಕೊಳ್ಳಬಹುದು. ಹೊಳೆಯ ದಡದಲ್ಲಿಲ್ಲದ ಈ ಊರು ಬದುಕಿದ್ದು ಕೆರೆಗಳ ಮೇಲೆ. ಧರ್ಮಾಂಬುಧಿ, ಸಂಪಂಗಿ, ಕೆಂಪಾಂಬುಧಿ, ಹಲಸೂರು ಕೆರೆ, ಇವುಗಳ ಜೊತೆಗೆ ಬಾವಿ, ಕಲ್ಯಾಣಿಗಳು. 1876-78ರ ಮಹಾಕ್ಷಾಮದಲ್ಲಿ ಈ ವ್ಯವಸ್ಥೆ ಕೈಕೊಟ್ಟಿತು. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1896ರ ಹೊತ್ತಿಗೆ, ಅರ್ಕಾವತಿಯ ಹೆಸರಘಟ್ಟ ಕೆರೆಯಿಂದ ಶೋಧಿಸಿದ ನೀರು ಕೊಳವೆಯಲ್ಲಿ ಬೆಂಗಳೂರಿಗೆ ಬಂತು. ಚಾಮರಾಜೇಂದ್ರ ಜಲ ಯೋಜನೆಯೆಂದು ಅದಕ್ಕೆ ಹೆಸರಾಯಿತು. ಸೋಲದೇವನಹಳ್ಳಿಯಲ್ಲಿ ಹಬೆಯ ಪಂಪುಗಳು ನೀರನ್ನು ಮೇಲೆತ್ತುತ್ತಿದ್ದವು.

ಕೊಳಾಯಿ ಬಂದ ಮೇಲೆ ಊರೊಳಗಿನ ಕೆರೆಗಳು ಯಾರಿಗೂ ಬೇಡವಾದವು. ಹೂಳು ತೆಗೆಯುವವರಿಲ್ಲ, ತೂಬು, ಕೋಡಿ ನೋಡುವವರಿಲ್ಲ. ಧರ್ಮಾಂಬುಧಿಯ ಅಂಗಳ ಮುಂದೆ ಮೆಜೆಸ್ಟಿಕ್ ಬಸ್ ನಿಲ್ದಾಣವಾಯಿತು. ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು. ಚಲ್ಲಘಟ್ಟ ಕೆರೆಯಲ್ಲಿ ಗಾಲ್ಫ್ ಮೈದಾನ ಎದ್ದಿತು, ಕೋರಮಂಗಲದ ಕೆರೆಯೊಂದರ ಜಾಗದಲ್ಲಿ ರಾಷ್ಟ್ರೀಯ ಕ್ರೀಡಾಕೂಟದ ಆಟಗಾರರಿಗೆ ವಸತಿ ಸಮುಚ್ಚಯ ಬಂತು. ಇವು ಕಳ್ಳತನದ ಒತ್ತುವರಿಗಳಲ್ಲ. ಹೆಚ್ಚಿನವು ಸರ್ಕಾರವೇ ಕಡತದಲ್ಲಿ ತೀರ್ಮಾನಿಸಿ ಮಾಡಿದ ಕೆಲಸಗಳು.

ಹೆಸರಘಟ್ಟವೂ ಬಹುಕಾಲ ಬಾಳಲಿಲ್ಲ. 1920ರ ದಶಕದಲ್ಲಿ ಮಳೆ ಕೈಕೊಟ್ಟು ಕೆರೆ ಬತ್ತಿತು. ಸರ್ ಎಂ. ವಿಶ್ವೇಶ್ವರಯ್ಯನವರ ನೇತೃತ್ವದ ಸಮಿತಿ ಅದೇ ಅರ್ಕಾವತಿಯ ಕೆಳಗಡೆ, ಕುಮುದ್ವತಿ ಸೇರುವ ಕಡೆ, ತಿಪ್ಪಗೊಂಡನಹಳ್ಳಿಯಲ್ಲಿ ಅಣೆ ಕಟ್ಟುವುದು ಒಳಿತೆಂದಿತು. 1933ರಲ್ಲಿ ಚಾಮರಾಜಸಾಗರ ಸಿದ್ಧವಾಯಿತು. ಊರು ಮತ್ತೆ ಬೆಳೆಯಿತು: 1941ರಲ್ಲಿ ಸುಮಾರು 4 ಲಕ್ಷ, 1951ರಲ್ಲಿ 7.8 ಲಕ್ಷ. ಅರ್ಕಾವತಿ ಸಾಲದು ಎಂದಾಯಿತು. 1964ರಲ್ಲಿ ಬೆಂಗಳೂರು ಜಲಮಂಡಳಿ ಹುಟ್ಟಿತು, 1974ರಲ್ಲಿ ಕಾವೇರಿ ಮೊದಲ ಹಂತದ ನೀರು ಬಂತು. ಶಿವನಸಮುದ್ರದ ಆಸುಪಾಸಿನಿಂದ ತೆಗೆದ ನೀರನ್ನು ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಶುದ್ಧಗೊಳಿಸಿ, ಸುಮಾರು 100 ಕಿ.ಮೀ. ದೂರ, 500 ಮೀಟರ್ ಎತ್ತರಕ್ಕೆ ಪಂಪು ಮಾಡಬೇಕು. ಹಂತದ ಮೇಲೆ ಹಂತ ಸೇರುತ್ತ ಹೋಯಿತು. 2012ರ ಹೊತ್ತಿಗೆ ದಿನಕ್ಕೆ 145 ಕೋಟಿ ಲೀಟರ್.

ಅದೇ 2012ರ ಸುಮಾರಿಗೆ ತಿಪ್ಪಗೊಂಡನಹಳ್ಳಿಯ ನೀರನ್ನು ಊರಿಗೆ ಬಿಡುವುದು ನಿಂತಿತು. ಒಳಹರಿವು ಕ್ಷೀಣಿಸಿತ್ತು, ಬರುತ್ತಿದ್ದ ಅಷ್ಟಿಷ್ಟು ನೀರು ಕೊಳೆತು ನಾರುತ್ತಿತ್ತು. ಜಲಾನಯನ ಪ್ರದೇಶವನ್ನು ಕಾಪಾಡಲು 2003ರಲ್ಲೇ ಸರ್ಕಾರ ಅಧಿಸೂಚನೆ ಹೊರಡಿಸಿತ್ತು. ಅದು ಜಾರಿಗೆ ಬರುವಷ್ಟರಲ್ಲಿ ಮೇಲ್ಭಾಗದಲ್ಲಿ ಲೇಔಟುಗಳೂ ಕಾರ್ಖಾನೆಗಳೂ ತಳವೂರಿದ್ದವು. ಹತ್ತಿರದ ನದಿ ಕೆಟ್ಟಿತು, ದೂರದ ನದಿ ಬಂತು.

ಇನ್ನು ಸ್ಪರ್ಧೆಯ ಮಾತು. ಪೇಟೆಯ ಮಗ್ಗಗಳಿಗೆ ಮೊದಲ ಪೈಪೋಟಿ ಕೊಟ್ಟದ್ದು 1864ರಲ್ಲಿ ಜೋಲಾರಪೇಟೆಯಿಂದ ದಂಡಿಗೆ ಬಂದ ರೈಲು, ಅದರೊಂದಿಗೆ ಬಂದ ಗಿರಣಿ ಬಟ್ಟೆ. 1884ರಲ್ಲಿ ಊರಿನಲ್ಲೇ ಉಣ್ಣೆ, ಹತ್ತಿ, ರೇಷ್ಮೆ ಗಿರಣಿಯೊಂದು ಆರಂಭವಾಗಿ ಎರಡೇ ವರ್ಷಗಳಲ್ಲಿ ಮದ್ರಾಸಿನ ಬಿನ್ನಿ ಕಂಪನಿಯ ಕೈಸೇರಿತು. 1902ರಲ್ಲಿ ಶಿವನಸಮುದ್ರದಲ್ಲಿ ವಿದ್ಯುತ್ ಹುಟ್ಟಿದಾಗ ಅದು ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ, 147 ಕಿ.ಮೀ. ತಂತಿಯ ಮೇಲೆ. ಬೆಂಗಳೂರಿನ ಬೀದಿಗಳಿಗೆ ದೀಪ ಬಂದದ್ದು 1905ರಲ್ಲಿ.

ಆ ಕಾಲದ ಮೈಸೂರು ಸಂಸ್ಥಾನಕ್ಕೆ ಸಮುದ್ರ ಬಂದರಿಲ್ಲ, ಕಲ್ಲಿದ್ದಲಿಲ್ಲ. ಅದು ಬಂಡವಾಳ ಹಾಕಿದ್ದು ಓದಿನ ಮೇಲೆ. 1909ರಲ್ಲಿ ಸ್ಥಾಪನೆಯಾದ ಭಾರತೀಯ ವಿಜ್ಞಾನ ಸಂಸ್ಥೆಗೆ ಊರಿನ ಉತ್ತರದಲ್ಲಿ ನೂರಾರು ಎಕರೆ ನೆಲ ಕೊಟ್ಟಿತು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ವರ್ಷಗಳಲ್ಲಿ 1913ಕ್ಕೆ ಮೈಸೂರು ಬ್ಯಾಂಕು, 1916ಕ್ಕೆ ವಾಣಿಜ್ಯ ಮಂಡಳಿ ಮತ್ತು ವಿಶ್ವವಿದ್ಯಾಲಯ, 1917ಕ್ಕೆ ಎಂಜಿನಿಯರಿಂಗ್ ಕಾಲೇಜು ಬಂದವು. ಸಾಲ ಕೊಡುವವರು, ವ್ಯಾಪಾರದ ದನಿ ಎತ್ತುವವರು, ಯಂತ್ರ ಬಲ್ಲವರು ಮೂವರೂ ಒಂದೇ ಊರಿನಲ್ಲಿ ಸಿಗುವಂತಾಯಿತು. 1940ರಲ್ಲಿ ವಾಲ್‌ಚಂದ್ ಹೀರಾಚಂದ್ ವಿಮಾನ ಕಾರ್ಖಾನೆಗೆ, ಅಂದರೆ ಮುಂದಿನ ಎಚ್‌ಎಎಲ್‌ಗೆ, ಜಾಗ ಹುಡುಕಿದಾಗ ಮೈಸೂರು ಸರ್ಕಾರ ನೆಲವನ್ನೂ ಬಂಡವಾಳವನ್ನೂ ಒದಗಿಸಿತು. ಸ್ವಾತಂತ್ರ್ಯದ ಬಳಿಕ 1948ರಲ್ಲಿ ಐಟಿಐ, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್ ಬಂದು ನೆಲೆಸಿದವು. ಪ್ರತಿಯೊಂದೂ ಊರ ಹೊರಗೆ, ತನ್ನದೇ ಟೌನ್‌ಷಿಪ್ಪಿನೊಳಗೆ, ತನ್ನದೇ ರಸ್ತೆ, ಶಾಲೆ, ಬಸ್ಸುಗಳೊಂದಿಗೆ. ಬಡಾವಣೆಯ ಬುದ್ಧಿ ಇಲ್ಲೂ ಕೆಲಸ ಮಾಡಿತ್ತು. ಈ ದೊಡ್ಡ ಕಾರ್ಖಾನೆಗಳಿಗೆ ಬಿಡಿಭಾಗ ಮಾಡಿಕೊಡುವ ಸಣ್ಣ ಷೆಡ್ಡುಗಳಿಂದ ರಾಜಾಜಿನಗರವೂ ಪೀಣ್ಯವೂ ತುಂಬಿದವು.

ನಾಲ್ಕು ದಶಕ ಊರನ್ನು ಸಾಕಿದ ಆ ವ್ಯವಸ್ಥೆಗೆ ದಣಿವು ಕಾಣಿಸಿದ್ದು 1980ರ ಆಚೀಚೆ. 1980ರ ಡಿಸೆಂಬರ್‌ನಲ್ಲಿ ಆರಂಭವಾದ ಸಾರ್ವಜನಿಕ ಉದ್ದಿಮೆಗಳ ಮುಷ್ಕರ 77 ದಿನ ನಡೆಯಿತು. ಗಿರಣಿಗಳು ಒಂದೊಂದೇ ಮಂಕಾದವು. 2002ರಲ್ಲಿ ಎನ್‌ಜಿಇಎಫ್ ಕಾರ್ಖಾನೆ ಮುಚ್ಚಿತು, 2016ರಲ್ಲಿ ಕೇಂದ್ರ ಸರ್ಕಾರ ಎಚ್‌ಎಂಟಿ ವಾಚುಗಳ ಬಾಗಿಲೂ ಹಾಕಿಸಿತು. ಒಂದೇ ಉದ್ಯಮವನ್ನು ನೆಚ್ಚಿದ ಎಷ್ಟೋ ಊರುಗಳು ಇಂಥ ಹೊತ್ತಿನಲ್ಲಿ ಸೊರಗಿಹೋಗಿವೆ. ಚಿನ್ನದ ಗಣಿ ಮುಚ್ಚಿದ ಮೇಲೆ ಕೆಜಿಎಫ್ ಏನಾಯಿತೆಂಬುದು ನೂರು ಕಿ.ಮೀ. ದೂರದಲ್ಲೇ ಕಾಣುತ್ತದೆ. ಬೆಂಗಳೂರು ಸೊರಗಲಿಲ್ಲ, ಏಕೆಂದರೆ ಪಕ್ಕದ ಬಡಾವಣೆ ಆಗಲೇ ತಯಾರಿತ್ತು. ರಾಜ್ಯ ಸರ್ಕಾರದ ಕಿಯೋನಿಕ್ಸ್ ಸಂಸ್ಥೆ, ಆರ್. ಕೆ. ಬಾಳಿಗರ ಮುಂದಾಳುತನದಲ್ಲಿ, 1978ರಲ್ಲಿ ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಗ್ರಾಮಗಳ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ಸ್ ಸಿಟಿಗೆ ಗೆರೆ ಎಳೆದಿತ್ತು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ ಮಿಲ್ಲರ್ಸ್ ರಸ್ತೆಯ ಕಟ್ಟಡವೊಂದರಲ್ಲಿ ಕಚೇರಿ ತೆರೆಯಿತು. ಅದಕ್ಕೆ ಬೇಕಾದ ಎಂಜಿನಿಯರುಗಳು ಎಚ್‌ಎಎಲ್, ಬಿಇಎಲ್, ವಿಜ್ಞಾನ ಸಂಸ್ಥೆಗಳು ಬೆಳೆಸಿದ ಊರಿನಲ್ಲಿ ಸಲೀಸಾಗಿ ಸಿಕ್ಕರು. 1997ರಲ್ಲಿ ಕರ್ನಾಟಕ ದೇಶದಲ್ಲೇ ಮೊದಲಾಗಿ ಮಾಹಿತಿ ತಂತ್ರಜ್ಞಾನ ನೀತಿಯನ್ನು ಪ್ರಕಟಿಸಿತು.

ಆಡಳಿತದಲ್ಲಿಯೂ ಹೀಗೆಯೇ. ದಂಡಿಗೂ ಪೇಟೆಗೂ 1862ರಲ್ಲೇ ಬೇರೆ ಬೇರೆ ಪುರಸಭೆಗಳಿದ್ದವು. ಮೈಸೂರು ಅರಸರಿಗೆ ರಾಜ್ಯ ಮರಳಿದ 1881ರ ಬಳಿಕವೂ ದಂಡು ಬ್ರಿಟಿಷರ ಕೈಯಲ್ಲೇ ಉಳಿಯಿತು. ಒಂದೇ ಊರಿನಲ್ಲಿ ಎರಡು ಕಾನೂನು, ಎರಡು ಕಂದಾಯ. 1947ರಲ್ಲಿ ದಂಡು ಮೈಸೂರಿಗೆ ಮರಳಿ, 1949ರಲ್ಲಿ ಎರಡೂ ಪುರಸಭೆಗಳು ಸೇರಿ ನಗರಪಾಲಿಕೆ ಆಯಿತು. ಇದ್ದದ್ದನ್ನೇ ಕೂಡಿಸಿ ಕಟ್ಟಿದ ಅಪರೂಪದ ಸುಧಾರಣೆ ಅದು.

ಆದರೆ ಕೂಡಿಸಿದ ಕೈಗಳೇ ಬೇಗ ಕಳೆಯತೊಡಗಿದವು. ಹೊಸ ಬಡಾವಣೆ ಮಾಡುವ ಅಧಿಕಾರ 1945ರಿಂದಲೇ ನಗರ ಸುಧಾರಣಾ ಮಂಡಳಿ, ಅಂದರೆ ಸಿಐಟಿಬಿಯದು. ಜಯನಗರ ಅದರ ಕೂಸು. 1964ರಲ್ಲಿ ನೀರು, ಒಳಚರಂಡಿ ಜಲಮಂಡಳಿಗೆ ಹೋದವು. 1966ರಿಂದ ಕೈಗಾರಿಕಾ ನೆಲ ಕೆಐಎಡಿಬಿಯದು. 1976ರಲ್ಲಿ ಸಿಐಟಿಬಿ ಹೋಗಿ ಬಿಡಿಎ ಬಂತು. 1997ರಲ್ಲಿ ಬಸ್ಸು ಬಿಎಂಟಿಸಿಯದಾಯಿತು. ಆಮೇಲೆ ಮೆಟ್ರೊಗೆ ಇನ್ನೊಂದು ನಿಗಮ. ಪ್ರತಿ ಮಂಡಳಿಯೂ ತನ್ನ ಕೆಲಸದಲ್ಲಿ ಪಾಲಿಕೆಗಿಂತ ಚುರುಕೇ ಇತ್ತು. ಆದರೆ ಅವುಗಳ ಮೇಲೆ ಮತದಾರನಿಗೆ ಹಿಡಿತವಿರಲಿಲ್ಲ, ಒಬ್ಬರ ಗುದ್ದಲಿ ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಬಿಡಿಎ ಸೈಟು ಹಂಚಿದ ಎಷ್ಟೋ ವರ್ಷಗಳ ಮೇಲೆ ಜಲಮಂಡಳಿ ಕೊಳವೆ ಹಾಕುವುದು, ಪಾಲಿಕೆ ಡಾಂಬರು ಹಾಕಿದ ಮರುತಿಂಗಳೇ ಅದನ್ನು ಅಗೆಯುವುದು ಬೆಂಗಳೂರಿಗರ ನಿತ್ಯದ ಹಾಸ್ಯವಾಯಿತು. 1971ರಿಂದ 81ರ ನಡುವೆ ಜನಸಂಖ್ಯೆ ಶೇ. 76ರಷ್ಟು ಏರಿತು, ಬಿಡಿಎ ಸೈಟಿಗೆ ಕಾಯಲಾಗದವರು ಸೊಸೈಟಿ ಲೇಔಟಿಗೆ, ಅದೂ ಸಿಗದವರು ಕಂದಾಯ ಭೂಮಿಯ ಸೈಟಿಗೆ ಹೋದರು. ನಕ್ಷೆ ಇಲ್ಲದ, ಖಾತೆಯೂ ಸರಿಯಿಲ್ಲದ ಇನ್ನೊಂದು ಊರು ಅಂಚಿನಲ್ಲಿ ಬೆಳೆಯಿತು.

ಇದ್ದ ಊರಿಗೇ ಕೈಹಾಕಿದ ಕೆಲಸಗಳತ್ತ ಈಗ ತಿರುಗಬಹುದು.

1980ರ ದಶಕದ ಆರಂಭದಲ್ಲಿ ಅರಣ್ಯ ಇಲಾಖೆಯ ಎಸ್. ಜಿ. ನೇಗಿನಹಾಳ ಮತ್ತು ಅವರ ತಂಡ ಬೀದಿಬದಿಯಲ್ಲಿ ಸಸಿ ನೆಡತೊಡಗಿತು. ದಶಕದೊಳಗೆ ನೆಟ್ಟದ್ದು ಸುಮಾರು 15 ಲಕ್ಷ. ಎಳೆಯ ಸಸಿಗೆ ಬದಲು ಎದೆಯೆತ್ತರ ಬೆಳೆದ ಗಿಡ, ಸುತ್ತ ಬೇಲಿ, ನೀರು ಹಾಕಲು ಮನೆಯವರ ಸಹಕಾರ. ಹೊಸ ಉದ್ಯಾನಕ್ಕೆ ನೆಲ ಬೇಡ, ಹೊಸ ಪ್ರಾಧಿಕಾರವೂ ಬೇಡ. ಇದ್ದ ರಸ್ತೆಯ ಅಂಚೇ ಸಾಕಾಯಿತು. ಅದೇ ಹೊತ್ತಿಗೆ ಎನ್. ಲಕ್ಷ್ಮಣ ರಾವ್ ಸಮಿತಿ ಅಳಿದುಳಿದ ಕೆರೆಗಳನ್ನು ಒಡೆಯದೆ ಉಳಿಸಿಕೊಳ್ಳುವಂತೆ ಶಿಫಾರಸು ಮಾಡಿತು. ಸರ್ಕಾರ ಅದನ್ನು ಒಪ್ಪಿದ ಮೇಲೆಯೂ ಎಲ್ಲ ಕೆರೆಗಳು ಉಳಿಯಲಿಲ್ಲ, ನಿಜ. ಆದರೆ ಮುಂದೆ ಕೆರೆಗಾಗಿ ಕೋರ್ಟಿಗೆ ಹೋದ ಬಡಾವಣೆಯವರ ಕೈಯಲ್ಲಿ ಹಿಡಿಯಲೊಂದು ಕಾಗದವಿತ್ತು.

ಎಲ್ಲಕ್ಕಿಂತ ಸದ್ದಿಲ್ಲದ, ಎಲ್ಲಕ್ಕಿಂತ ಆಳವಾದ ಬದಲಾವಣೆ 2000ದಲ್ಲಿ ಬಂತು. ಅದುವರೆಗೆ ಮನೆ ಕಂದಾಯ ನಿಗದಿಯಾಗುತ್ತಿದ್ದುದು ಆ ಮನೆಗೆ ವರ್ಷಕ್ಕೆ ಎಷ್ಟು ಬಾಡಿಗೆ ಬರಬಹುದೆಂಬ ಅಂದಾಜಿನ ಮೇಲೆ. ಅಂದಾಜು ಮಾಡುವವರು ಪಾಲಿಕೆಯ ಕಂದಾಯ ಅಧಿಕಾರಿಗಳು. ಬಾಡಿಗೆ ನಿಯಂತ್ರಣ ಕಾಯ್ದೆಯಿಂದಾಗಿ ಹಳೆಯ ಕಟ್ಟಡಗಳ ಬಾಡಿಗೆ ಎಂದೋ ಹೆಪ್ಪುಗಟ್ಟಿತ್ತು. ಒಂದೇ ಬೀದಿಯಲ್ಲಿ, ಒಂದೇ ಅಳತೆಯ ಎರಡು ಮನೆಗಳಲ್ಲಿ ಒಂದರ ಕಂದಾಯ ಇನ್ನೊಂದರ ಹಲವು ಪಟ್ಟು ಇರುವುದುಂಟು. ಏಕೆಂದು ಕೇಳಿದರೆ ಹೇಳುವವರಿಲ್ಲ. ಅಧಿಕಾರಿಯೊಂದಿಗೆ ಮಾತಾಡಿ ‘ಸರಿಮಾಡಿಸಿಕೊಳ್ಳುವುದು’ ರೂಢಿ.

ಬೆಂಗಳೂರು ಮಹಾನಗರ ಪಾಲಿಕೆ ತಂದ ಸ್ವಯಂಘೋಷಿತ ತೆರಿಗೆ ಪದ್ಧತಿ ಈ ಮಾತುಕತೆಯನ್ನೇ ಕಿತ್ತುಹಾಕಿತು. ಊರನ್ನು ನೆಲದ ಬೆಲೆಯ ಮೇಲೆ ಆರು ವಲಯಗಳಾಗಿ ವಿಂಗಡಿಸಿತು. ವಲಯಕ್ಕೊಂದು, ಕಟ್ಟಡದ ಬಗೆಗೊಂದು ದರ. ಮಾಲೀಕ ತಾನೇ ಚದರಡಿ ಅಳೆದು, ದರದಿಂದ ಗುಣಿಸಿ, ಕಟ್ಟಡದ ವಯಸ್ಸಿನ ರಿಯಾಯಿತಿ ಕಳೆದು, ಫಾರಂ ತುಂಬಿ ದುಡ್ಡು ಕಟ್ಟಬೇಕು. ಬಾಡಿಗೆಗೆ ಕೊಡದೆ ತಾನೇ ಇದ್ದರೆ ದರ ಕಡಿಮೆ. ಕಾಯ್ದೆ ಆಗಿನ್ನೂ ತಿದ್ದುಪಡಿಯಾಗಿರಲಿಲ್ಲವಾದ್ದರಿಂದ ಪದ್ಧತಿಯನ್ನು ಐಚ್ಛಿಕವಾಗಿಯೇ ಇಟ್ಟಿದ್ದರು. ಬೇಡವೆನ್ನುವವನು ಹಳೆಯ ದಾರಿಯಲ್ಲೇ ಹೋಗಬಹುದಿತ್ತು. ಹಾಗಿದ್ದೂ ಲಕ್ಷಾಂತರ ಮಂದಿ ಫಾರಂ ತುಂಬಿದರು, ಮೊದಲ ವರ್ಷವೇ ಪಾಲಿಕೆಯ ಆದಾಯ ಏರಿತು. ದರಗಳು ಅಚ್ಚಾಗಿ ಕೈಗೆ ಸಿಗುತ್ತಿದ್ದುದರಿಂದ ನೆರೆಮನೆಯವನು ಎಷ್ಟು ಕಟ್ಟಬೇಕೆಂಬುದನ್ನೂ ಯಾರು ಬೇಕಾದರೂ ಲೆಕ್ಕ ಹಾಕಬಹುದಿತ್ತು. ಪಾಟ್ನಾ 1993ರಲ್ಲೇ ಇಂಥದೊಂದು ಪ್ರಯೋಗ ಮಾಡಿತ್ತು, ಬೆಂಗಳೂರು ಅದನ್ನು ದೊಡ್ಡ ಊರಿಗೆ ಒಗ್ಗಿಸಿತು.

ಈ ಸುಧಾರಣೆಯ ಹಿಂದೆ 1999ರಲ್ಲಿ ಮುಖ್ಯಮಂತ್ರಿ ಎಸ್. ಎಂ. ಕೃಷ್ಣ ರಚಿಸಿದ, ನಂದನ್ ನೀಲೇಕಣಿ ಅಧ್ಯಕ್ಷತೆಯ ಬೆಂಗಳೂರು ಅಜೆಂಡಾ ಕಾರ್ಯಪಡೆಯೂ ಇತ್ತು. ಕಾರ್ಯಪಡೆಯ ಸಮಾವೇಶಗಳಲ್ಲಿ ಪಾಲಿಕೆ, ಬಿಡಿಎ, ಜಲಮಂಡಳಿ, ಬಿಎಂಟಿಸಿ, ಪೊಲೀಸ್ ಮುಖ್ಯಸ್ಥರು ಒಂದೇ ವೇದಿಕೆ ಹತ್ತಿ, ಏನು ಮಾಡುತ್ತೇವೆಂದು ಹೇಳಿದ್ದೆವು, ಏನು ಮಾಡಿದೆವು ಎಂದು ಜನರೆದುರು ಒಪ್ಪಿಸಬೇಕಿತ್ತು. ಪಾಲಿಕೆಯ ಜಮಾಖರ್ಚು ಕೂಡ ಹೊಸ ಲೆಕ್ಕಪದ್ಧತಿಗೆ ಬಂತು. ಟೀಕೆಯೂ ಕಡಿಮೆಯಿರಲಿಲ್ಲ: ಚುನಾಯಿತ ಸದಸ್ಯರನ್ನು ಬದಿಗೆ ಸರಿಸಿ, ಉದ್ಯಮಿಗಳು ಮತ್ತು ಅಧಿಕಾರಿಗಳು ಊರು ನಡೆಸುವುದು ಯಾವ ನ್ಯಾಯ, ಕೊಳೆಗೇರಿಯವನ ದನಿ ಅಲ್ಲಿ ಎಲ್ಲಿದೆ ಎಂಬ ಪ್ರಶ್ನೆಗಳು ಎದ್ದವು. 2004ರಲ್ಲಿ ಸರ್ಕಾರ ಬದಲಾಯಿತು, ಕಾರ್ಯಪಡೆ ಮಾಯವಾಯಿತು. ಜನರೇ ತುಂಬುವ ತೆರಿಗೆ ಫಾರಂ ಮಾತ್ರ ಉಳಿಯಿತು. 2008ರಲ್ಲಿ ಅದನ್ನೇ ಪರಿಷ್ಕರಿಸಿ ಕಡ್ಡಾಯ ಮಾಡಲಾಯಿತು. ಈಚೆಗೆ ಅದೇ ಲೆಕ್ಕ ಮೊಬೈಲ್ ಪರದೆಗೆ ಬಂದಿದೆ.

ತೆರಿಗೆಯ ಬಳಿಕ ಎರಡನೆಯ ಉದಾಹರಣೆ ಮಳೆನೀರಿನದು. 2009ರಲ್ಲಿ ಜಲಮಂಡಳಿ ಕಾಯ್ದೆಗೆ ತಿದ್ದುಪಡಿ ತಂದು, 60x40 ಅಡಿ ಮತ್ತು ಅದಕ್ಕಿಂತ ದೊಡ್ಡ ಸೈಟಿನ ಹಳೆಯ ಕಟ್ಟಡಗಳಿಗೂ, 30x40 ಮತ್ತು ಮೇಲ್ಪಟ್ಟ ಸೈಟಿನ ಹೊಸ ಕಟ್ಟಡಗಳಿಗೂ ಮಳೆನೀರು ಸಂಗ್ರಹವನ್ನು ಕಡ್ಡಾಯ ಮಾಡಿದರು. ಮಾಡದವರ ನೀರಿನ ಬಿಲ್ಲಿಗೆ ದಂಡ ಸೇರುತ್ತದೆ. ಕಾವೇರಿಯ ಇನ್ನೊಂದು ಹಂತಕ್ಕೆ ಸಾವಿರಾರು ಕೋಟಿ ಬೇಕು. ಇಲ್ಲಿ ಖರ್ಚು ಮನೆಯವನದು, ನೀರೂ ಮನೆಯವನದು. ದಂಡ ಕಟ್ಟುವುದೇ ಅಗ್ಗವೆಂದು ಲೆಕ್ಕ ಹಾಕಿದವರೂ ಬಹಳ ಮಂದಿ ಇದ್ದಾರೆ.

ಕಸ ಮೂರನೆಯದು. ಮಾವಳ್ಳಿಪುರದ ಜನ ತಮ್ಮೂರಿಗೆ ಬರುವ ಲಾರಿಗಳನ್ನು ತಡೆದಾಗ, 2012ರಲ್ಲಿ, ನಗರದ ಬೀದಿಗಳಲ್ಲಿ ಕಸ ಗುಡ್ಡೆಬಿದ್ದಿತು. ಆಮೇಲೆ ಎರಡು ವರ್ಷ ಮಂಡೂರಿನಲ್ಲಿ ಸುರಿದರು. ಅಲ್ಲಿಯೂ ಜನ ಎದ್ದು ನಿಂತರು. ಊರಿನ ಕಸಕ್ಕೆ ಪಕ್ಕದ ಹಳ್ಳಿಯನ್ನು ಹುಡುಕುವ ದಾರಿ ಹೀಗೆ ಮುಚ್ಚಿದ ಮೇಲೆ ಹಸಿ ಕಸ, ಒಣ ಕಸ ಬೇರೆ ಮಾಡುವ ನಿಯಮಕ್ಕೆ, ವಾರ್ಡಿಗೊಂದು ಒಣತ್ಯಾಜ್ಯ ಕೇಂದ್ರಕ್ಕೆ ಬೆಲೆ ಬಂತು. ಅದಕ್ಕೂ ಮುಂಚೆ, 2011ರಲ್ಲೇ, ಪಾಲಿಕೆ ಚಿಂದಿ ಆಯುವವರಿಗೆ ಗುರುತಿನ ಚೀಟಿ ಕೊಡತೊಡಗಿತ್ತು. ಅಷ್ಟು ವರ್ಷ ಕಳ್ಳರಂತೆ ಓಡಿಸಿಕೊಳ್ಳುತ್ತಿದ್ದವರಲ್ಲಿ ಹಲವರು ಆ ಕೇಂದ್ರಗಳನ್ನು ನಡೆಸುವವರಾದರು.

ಈ ಮೂರೂ ನಡೆಯುತ್ತಿದ್ದ ವರ್ಷಗಳಲ್ಲೇ ಹಳೆಯ ರೂಢಿ ತನ್ನ ಅತಿ ದೊಡ್ಡ ಹೆಜ್ಜೆ ಇಟ್ಟಿತು. 2007ರಲ್ಲಿ ಏಳು ನಗರಸಭೆ, ಕೆಂಗೇರಿ ಪುರಸಭೆ ಮತ್ತು 110 ಹಳ್ಳಿಗಳನ್ನು ಹಳೆಯ ಪಾಲಿಕೆಗೆ ಸೇರಿಸಿ ಬಿಬಿಎಂಪಿ ಮಾಡಿದರು. ಊರಿನ ವಿಸ್ತೀರ್ಣ ಮೂರು ಪಟ್ಟು ಮೀರಿತು. ಹಳ್ಳಿಗಳಿಗೆ ನಗರದ ಕಂದಾಯ ಬಂತು, ನಲ್ಲಿ ಬರಲಿಲ್ಲ. ಕೊಳವೆಬಾವಿ ಕೊರೆದುಕೊಂಡರು, ಟ್ಯಾಂಕರ್ ತರಿಸಿಕೊಂಡರು. ಮಹದೇವಪುರದಂಥ ಕಡೆ ಗಾಜಿನ ಕಚೇರಿಗಳೂ ದೊಡ್ಡ ಅಪಾರ್ಟ್‌ಮೆಂಟುಗಳೂ ಎದ್ದದ್ದು ಇದೇ ನೆಲದಡಿಯ ನೀರನ್ನು ನಂಬಿಕೊಂಡು.

2023ರಲ್ಲಿ ಮುಂಗಾರು ಸೋತಿತು. 2024ರ ಬೇಸಿಗೆಯಲ್ಲಿ ಊರಿನ ಸುಮಾರು 14,000 ಸರ್ಕಾರಿ ಕೊಳವೆಬಾವಿಗಳ ಪೈಕಿ 6,900 ಬತ್ತಿವೆ ಎಂದು ಸರ್ಕಾರವೇ ಹೇಳಿತು. ಟ್ಯಾಂಕರ್ ನೀರಿಗೆ ಜಿಲ್ಲಾಡಳಿತ ದರ ನಿಗದಿ ಮಾಡಬೇಕಾಯಿತು. ವಿಚಿತ್ರವೆಂದರೆ ಕೊಳಾಯಿಯಿದ್ದ ಹಳೆಯ ಊರು ಆ ಬೇಸಿಗೆಯನ್ನು ಅಷ್ಟಾಗಿ ಕಾಣಲಿಲ್ಲ, ಸಂಕಟಪಟ್ಟದ್ದು ಹೊಸ ಅಂಚು. ಆ 110 ಹಳ್ಳಿಗಳಿಗೆಂದೇ ರೂಪಿಸಿದ ಕಾವೇರಿ ಐದನೆಯ ಹಂತ, ದಿನಕ್ಕೆ 77.5 ಕೋಟಿ ಲೀಟರ್ ನೀರಿನ ಯೋಜನೆ, ಚಾಲನೆಗೊಂಡದ್ದು 2024ರ ಅಕ್ಟೋಬರ್ 16ರಂದು. ಊರಿಗೆ ಸೇರಿಸಿದ ಹದಿನೇಳು ವರ್ಷಗಳ ಮೇಲೆ.

ಬೇಸಿಗೆ ಕಲಿಸಿದ ಇನ್ನೊಂದು ವಿಷಯ ಜಲಮಂಡಳಿಯ ಖಾತೆ ಪುಸ್ತಕದಲ್ಲಿತ್ತು. ಕಾವೇರಿಯನ್ನು ಐನೂರು ಮೀಟರ್ ಎತ್ತಲು ಬೇಕಾದ ವಿದ್ಯುತ್ತೇ ಮಂಡಳಿಯ ದೊಡ್ಡ ಖರ್ಚು, ಆ ಬಿಲ್ಲು ವರ್ಷವರ್ಷ ಏರುತ್ತದೆ. ನೀರಿನ ದರ ಮಾತ್ರ 2014ರಿಂದ ಏರಿರಲಿಲ್ಲ. ಏರಿಸುವ ಪ್ರಸ್ತಾಪ ಬಂದಾಗಲೆಲ್ಲ ಯಾವುದೋ ಒಂದು ಚುನಾವಣೆ ಹತ್ತಿರವಿರುತ್ತಿತ್ತು. ಕೊನೆಗೆ ದರ ಏರಿದ್ದು 2025ರ ಏಪ್ರಿಲ್‌ನಲ್ಲಿ. ಇನ್ನೊಂದೆಡೆ ಬಳಸಿ ಬಿಟ್ಟ ನೀರಿಗೂ ಬೆಲೆ ಬಂದಿತ್ತು: 2018ರಿಂದ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಕೊಳಚೆಯನ್ನು ಸಂಸ್ಕರಿಸಿ ಕೋಲಾರದ ಕೆರೆಗಳಿಗೆ ಹರಿಸಲಾಗುತ್ತಿದೆ, ಯೋಜನೆಯ ಗಾತ್ರ ದಿನಕ್ಕೆ 44 ಕೋಟಿ ಲೀಟರ್. ಎರಡು ಹಂತಗಳ ಸಂಸ್ಕರಣೆ ಸಾಲದು, ಮೂರನೆಯ ಹಂತವೂ ಬೇಕೆಂದು ಕೋಲಾರದವರು ಕೇಳುತ್ತಲೇ ಇದ್ದಾರೆ. ಬತ್ತಿದ್ದ ಕೊಳವೆಬಾವಿಗಳಲ್ಲಿ ನೀರು ಕಂಡ ರೈತರೂ ಅಲ್ಲಿದ್ದಾರೆ.

ಒಬ್ಬ ಮೇಯರ್, ಒಂದು ಪಾಲಿಕೆ ಇಷ್ಟು ದೊಡ್ಡ ಊರನ್ನು ಆಳಲಾಗದು ಎಂಬ ಮಾತು ಅಷ್ಟರಲ್ಲಿ ಹಳೆಯದಾಗಿತ್ತು. ಕೆ. ಕಸ್ತೂರಿರಂಗನ್ ಸಮಿತಿ 2008ರಲ್ಲಿ ಆಡಳಿತದ ಪುನಾರಚನೆಗೆ ಸಲಹೆ ಕೊಟ್ಟಿತ್ತು, ಬಳಿಕ ಬಿ. ಎಸ್. ಪಾಟೀಲ್ ಸಮಿತಿ ಹಲವು ಪಾಲಿಕೆಗಳು ಮತ್ತು ಮೇಲೊಂದು ಪ್ರಾಧಿಕಾರ ಬೇಕೆಂದಿತ್ತು. 2020ರ ಸೆಪ್ಟೆಂಬರ್‌ನಲ್ಲಿ ಚುನಾಯಿತ ಸದಸ್ಯರ ಅವಧಿ ಮುಗಿದ ಮೇಲೆ ಬಿಬಿಎಂಪಿ ಆಡಳಿತಾಧಿಕಾರಿಗಳ ಕೈಯಲ್ಲೇ ವರ್ಷಗಳನ್ನು ಕಳೆಯಿತು. 2025ರ ಮೇ ತಿಂಗಳಲ್ಲಿ ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ ಜಾರಿಗೆ ಬಂತು. ಸೆಪ್ಟೆಂಬರ್ 2ರಿಂದ ಊರಿಗೆ ಐದು ಪಾಲಿಕೆಗಳು: ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ. ಮೇಲೆ ಮುಖ್ಯಮಂತ್ರಿಯ ಅಧ್ಯಕ್ಷತೆಯಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ. ಜಲಮಂಡಳಿ, ಬಿಡಿಎ, ಬಿಎಂಟಿಸಿ, ಮೆಟ್ರೊ ನಿಗಮಗಳು ಯಾವುದೂ ಹೋಗಿಲ್ಲ. ಅವುಗಳನ್ನು ಒಂದೇ ಮೇಜಿನ ಸುತ್ತ ಕೂರಿಸುವುದು ಈ ಪ್ರಾಧಿಕಾರದ ಕೆಲಸ.

ಹೊಸ ಗೆರೆಗಳಲ್ಲಿ ಕೇಂದ್ರ ಪಾಲಿಕೆಯ ನಕ್ಷೆ ಗಮನಿಸುವಂಥದು. ಚಿಕ್ಕಪೇಟೆ, ಚಾಮರಾಜಪೇಟೆ, ಗಾಂಧಿನಗರಗಳ ಹಳೆಯ ಊರೂ ಶಿವಾಜಿನಗರ, ಶಾಂತಿನಗರಗಳ ಹಳೆಯ ದಂಡೂ ಅದರಲ್ಲಿ ಒಟ್ಟಿಗೇ ಇವೆ. ಕೆ. ಆರ್. ಪುರ, ಮಹದೇವಪುರ ಪೂರ್ವಕ್ಕೆ ಹೋದವು. ಬಿಬಿಎಂಪಿ ಇದ್ದಾಗ ವರ್ಷವರ್ಷವೂ ಅತಿ ಹೆಚ್ಚು ಆಸ್ತಿ ತೆರಿಗೆ ಕೊಡುತ್ತಿದ್ದುದು ಮಹದೇವಪುರ ವಲಯ. ಒಂದೇ ಪೆಟ್ಟಿಗೆಗೆ ಬೀಳುತ್ತಿದ್ದ ಆ ಹಣ ಈಗ ಪೂರ್ವ ಪಾಲಿಕೆಯ ಪೆಟ್ಟಿಗೆಯಲ್ಲಿದೆ. ನೂರಾರು ವರ್ಷ ಹಳೆಯ ಗಲ್ಲಿಗಳು, ಶಿಥಿಲ ಚರಂಡಿಗಳು, ಇಡೀ ಊರಿಗೆ ಸರಕು ಒದಗಿಸುವ ಸಗಟು ಮಂಡಿಗಳು, ಮೆಜೆಸ್ಟಿಕ್‌ನಲ್ಲಿ ದಿನವೂ ಇಳಿಯುವ ಲಕ್ಷಾಂತರ ಜನ, ಇವೆಲ್ಲ ಕೇಂದ್ರ ಪಾಲಿಕೆಯ ಪಾಲಿಗೆ ಬಂದಿವೆ. ಪೂರ್ವದ ಮಳೆನೀರು ಯಾವ ರಾಜಕಾಲುವೆಯಲ್ಲಿ ಹರಿಯಬೇಕು, ಪೇಟೆಯ ಒಳಚರಂಡಿಯನ್ನು ಯಾರ ದುಡ್ಡಿನಲ್ಲಿ ಬದಲಿಸಬೇಕು, ಐದು ಪಾಲಿಕೆಗಳ ತೆರಿಗೆ ದರ ಒಂದೇ ಇರಬೇಕೆ ಎಂಬ ಪ್ರಶ್ನೆಗಳಿಗೆ ಇನ್ನು ಮುಂದೆ ಉತ್ತರ ಸಿಗಬೇಕಾದದ್ದು ಪಾಲಿಕೆಗಳ ಬಜೆಟ್ಟುಗಳಲ್ಲಿ ಮತ್ತು ಪ್ರಾಧಿಕಾರದ ಸಭೆಗಳಲ್ಲಿ.